ನನ್ನ ತಲೆಯಷ್ಟು ಬೆಣ್ಣೆ

ನಾಕ್‌ಬ್ರಾಕ್, ಕ್ಲೇರ್ ಸೀಮೆ
ಏಪ್ರಿಲ್ ೩೦, ೧೯೦೯, ಶುಕ್ರವಾರ ಮಧ್ಯಾಹ್ನ

ಲಿಮರಿಕ್ ಪಟ್ಟಣದ ಬಂದರು ಓಣಿಯ ಮಹಾಜನರೇ, ನನ್ನ ತಂಗಿ ಟೆಸ್ಸಿಯ ಅಡಿಗೆಮನೆಯಲ್ಲಿ ಬೆಂಚು ಹಿಡಿದು ಕುಳಿತವರೇ, ಬೆಂಚು ಸಿಗದೆ ಗೋಡೆಗೆ ಒರಗಿದವರೇ, ಮೆಟ್ಟಿಲ ಮೇಲೆ ಮೊಣಕಾಲು ಅಪ್ಪಿ ಕೂತಿರುವ ಮಕ್ಕಳೇ, ಸದ್ದು ನಿಲ್ಲಲಿ! ನನ್ನ ಕಾಗದ ಬಂದರೆ ಓಣಿಗೆ ಓಣಿಯೇ ಟೆಸ್ಸಿಯ ಮನೆಯಲ್ಲಿ ನೆರೆಯುತ್ತದೆಂದು ಕೇಳಿದ್ದೇನೆ. ಕಳೆದ ಸಲ ಕಲ್ಲಿದ್ದಲ ಗಾಡಿಯವನು ಕುದುರೆಯನ್ನು ಬಾಗಿಲಿಗೇ ಕಟ್ಟಿ ಕೊನೆಯ ಸಾಲಿನವರೆಗೆ ನಿಂತಿದ್ದನಂತೆ. ಅವನಿಗೆ ನನ್ನ ವಿಶೇಷ ವಂದನೆ. ಅವನ ಕುದುರೆಗೂ ಸಲ್ಲಲಿ. ನಮ್ಮ ಅವ್ವನಿಗೆ ಓದು ಬಾರದು, ಟೆಸ್ಸಿಗೆ ಮೆಲ್ಲಗೆ ಓದಲು ಬಾರದು, ನನಗೆ ಮೆಲ್ಲಗೆ ಬರೆಯಲು ಬಾರದು. ಹೀಗಿರುವಾಗ ನೀವು ಕೇಳಿಸಿಕೊಂಡದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಒಲೆಯ ಪಕ್ಕದಲ್ಲಿ ಕರಿ ಶಾಲು ಹೊದ್ದು ಕುಳಿತಿದ್ದಾಳಲ್ಲ, ಈ ಕಾಗದ ಅವಳದು. ನೀವೆಲ್ಲ ಒಂದು ಹೆಜ್ಜೆ ಹಿಂದೆ ಸರಿದು ಬೆಳಕು ಬಿಡಿ.

ಪ್ರೀತಿಯ ಅವ್ವಾ,

ಹೇಗಿದ್ದೀಯ? ಮಾರ್ಚ್ ತಿಂಗಳ ಕೆಮ್ಮು ಬಿಟ್ಟಿತೇ ಇಲ್ಲ ಇನ್ನೂ ನಿನ್ನ ಜೊತೆ ಬಿಡಾರ ಹೂಡಿದೆಯೇ? ಟೆಸ್ಸಿ ಕೊಡುವ ಪಟ್ಟಣದ ಹಾಲು ನೀರುನೀರಾಗಿದೆಯೆಂದು ಹೇಳಿ ಕಳಿಸಿದ್ದೆಯಂತೆ. ನೀರು ಬೆರೆಸಿದವನ ಮುಖ ನೋಡಿ ನೀನು ಒಂದು ಮಾತು ಆಡಿದ್ದೇ ತಡ, ಮರುದಿನದಿಂದ ಹಾಲು ಗಟ್ಟಿಯಾಯಿತೆಂದೂ ಕೇಳಿದೆ. ನಂಬಿದೆ. ರಾತ್ರಿ ಕಾಲಿಗೆ ಬಿಸಿ ಇಟ್ಟಿಗೆ ಇಟ್ಟುಕೊಳ್ಳುವುದನ್ನು ಬಿಡಬೇಡ. ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಬಿಳಿಬೆನ್ನಿ ಹಸು ಮೂರು ವಾರದ ಕೆಳಗೆ ಹೆಣ್ಣುಗರು ಹಾಕಿತು. ಕರುವಿಗೂ ಬೆನ್ನು ಬಿಳಿ, ಬುದ್ಧಿಯೂ ತಾಯಿಯದೇ, ಬೇಲಿ ಎಲ್ಲಿ ಮುರಿದಿದೆಯೆಂದು ನನಗಿಂತ ಮೊದಲು ಅದಕ್ಕೇ ಗೊತ್ತು. ನನ್ನ ಹೆಂಡತಿ ಡೀಲಿಯಾ ನಿನ್ನನ್ನು ದಿನಕ್ಕೆರಡು ಸಲ ನೆನೆಯುತ್ತಾಳೆ, ಒಮ್ಮೆ ಬೈಯಲು, ಒಮ್ಮೆ ಬೇಸರಕ್ಕೆ. ಮುಳ್ಳುಪೊದೆಗಳೆಲ್ಲ ಹಳದಿ ಹೂ ಬಿಟ್ಟಿವೆ. ನಾಳೆ ಮೇ ತಿಂಗಳ ಮೊದಲ ದಿನ. ಹೊಸ್ತಿಲ ಮೇಲೆ ಚೆಲ್ಲಲು ಡೀಲಿಯಾ ಈಗಾಗಲೇ ಒಂದು ಮಡಿಲು ಹೂ ಕಿತ್ತು ತಂದಿದ್ದಾಳೆ. ನಾಳೆ ಇಡೀ ದಿನ ನಮ್ಮ ಮನೆಯಿಂದ ಕೆಂಡವಾಗಲಿ, ಉಪ್ಪಾಗಲಿ, ಹಾಲುಬೆಣ್ಣೆಯಾಗಲಿ ಹೊರಗೆ ಹೋಗಕೂಡದು. ಹೋದರೆ ವರ್ಷದ ಅದೃಷ್ಟವೂ ಹೋಯಿತು. ಇದನ್ನು ನಿನಗೆ ನಾನು ಹೇಳಬೇಕಾಗಿಲ್ಲ. ಆದರೆ ಬಂದರು ಓಣಿಯವರಿಗೆ ಬೆಣ್ಣೆ ಹುಟ್ಟುವುದೇ ಅಂಗಡಿಯಲ್ಲಿ. ಅವರಿಗೆ ಕೆಲವು ಸಂಗತಿ ಬಿಡಿಸಿ ಹೇಳದಿದ್ದರೆ ಕಥೆಯ ಅರ್ಧ ಗಾಳಿಗೆ ಹೋಗುತ್ತದೆ.

ಆದ್ದರಿಂದ ಓಣಿಯವರೇ, ನಮ್ಮ ಕಡೆಯ ಕಾನೂನು ಕೇಳಿ. ಯಾವ ಮನೆಯಲ್ಲಿ ಬೆಣ್ಣೆ ಕಡೆಯುತ್ತಿದ್ದಾರೋ ಆ ಮನೆಗೆ ಕಾಲಿಟ್ಟವನು ಯಾರೇ ಆಗಲಿ, ಪಾದ್ರಿಯಾಗಲಿ, ಅಂಚೆಯವನಾಗಲಿ, ಮದುವೆಗೆ ಕರೆಯಲು ಬಂದವನಾಗಲಿ, ‘ಕೆಲಸಕ್ಕೆ ದೇವರ ದಯೆಯಿರಲಿ’ ಎನ್ನಬೇಕು. ಎಂದು ಕಡಗೋಲು ಹಿಡಿದು ಪೀಪಾಯಿಯೊಳಗೆ ನಾಲ್ಕು ಏಟಾದರೂ ಹಾಕಿಯೇ ಹೊರಡಬೇಕು. ಕೈ ಕೊಡದೆ ಹೊರಟವನ ಹಿಂದೆಯೇ ಆ ಮನೆಯ ಬೆಣ್ಣೆಯೂ ಹೊರಟುಬಿಡುತ್ತದೆ. ಎಷ್ಟು ಬೆಣ್ಣೆ? ಹೊರಟವನ ತಲೆಯಷ್ಟು. ಒಂದೇ ಸಲವೂ ಅಲ್ಲ, ಕಡೆದಾಗಲೆಲ್ಲ. ಇದನ್ನು ನಂಬದವರು ನಮ್ಮೂರಲ್ಲಿ ಇಬ್ಬರು ಮೂವರು ಇದ್ದಾರು. ಆದರೆ ಕಡೆಯುವ ಮನೆಗೆ ಹೋಗಿ ಕೈ ಕೊಡದೆ ಬಂದವರು ಒಬ್ಬರೂ ಇರಲಿಲ್ಲ, ಕಳೆದ ಸೆಪ್ಟೆಂಬರಿನವರೆಗೆ.

ಆ ದಿನದ ರಂಗವನ್ನು ನಿಲ್ಲಿಸುತ್ತೇನೆ. ನಮ್ಮ ಪಕ್ಕದ ಹೊಲದ ಟಾಲ್ಟಿಯವರ ಮನೆ. ಆ ಮನೆಯಾಕೆ ವಿನ್ನಿ ಅಂಗಿಯ ತೋಳು ಮೇಲಕ್ಕೆ ಮಡಚಿ ಒಲೆಯ ಬಳಿ ಕಡೆಯುತ್ತಿದ್ದಾಳೆ. ಅವಳ ಗಂಡ ಮಾರ್ಟಿನ್ ಮೂಲೆಯಲ್ಲಿ ಚಿಲುಮೆಗೆ ಹೊಗೆಸೊಪ್ಪು ತುಂಬುತ್ತಿದ್ದಾನೆ. ನಾನು ಹಿಂದಿನ ವಾರ ಎನಿಸ್ ಪೇಟೆಯಲ್ಲಿ ಡೇರೆ ಹಾಕಿದ್ದ ನಾಟಕದ ಕಂಪನಿಯನ್ನು ನೋಡಿ ಬಂದವನು, ಅದರಲ್ಲಿ ನಾಯಕ ಸಾಯುವ ಪರಿಯನ್ನು ವರ್ಣಿಸುತ್ತ ಅವರ ಅರೆಬಾಗಿಲಿಗೆ ಒರಗಿದ್ದೇನೆ. ವರ್ಣನೆಯಿಂದ ತೃಪ್ತಿಯಾಗದೆ ಒಳಗೆ ಬಂದಿದ್ದೇನೆ. ಎದೆಗೆ ಕೈ ಒತ್ತಿ, ಮೂರು ಸುತ್ತು ಸುತ್ತಿ, ಅವರ ಅಡಿಗೆಮನೆಯ ನಟ್ಟನಡುವೆ ಧೊಪ್ಪನೆ ಬಿದ್ದು ಸತ್ತಿದ್ದೇನೆ. ಮಾರ್ಟಿನ್ ನಗುತ್ತ ಹೊಗೆಸೊಪ್ಪು ಚೆಲ್ಲಿದ್ದಾನೆ. ಆ ಹೊತ್ತಿಗೆ ಅವ್ವನ ಪ್ರವೇಶ, ತಿಂಗಳ ಹಿಂದೆ ತಂದಿದ್ದ ಜರಡಿ ಹಿಂತಿರುಗಿಸಲು. ವಿನ್ನಿ ಬೆವರು ಒರೆಸಿಕೊಂಡು ಕಡಗೋಲನ್ನು ಅವ್ವನ ಕಡೆಗೆ ವಾಲಿಸಿದಳು. ನಲವತ್ತು ವರ್ಷ ನಮ್ಮ ಸೀಮೆಯಲ್ಲಿ ಪೆಗ್ ಕಾನ್ಸಿಡೀನಳಷ್ಟು ಚೆಂದ ಕಡೆಯುವವರು ಇರಲಿಲ್ಲ. ಅವಳ ನಾಲ್ಕು ಏಟು ಬಿದ್ದರೆ ಬಾರದ ಬೆಣ್ಣೆಯೂ ಬರುತ್ತದೆಂದು ಮನೆಮನೆಯಿಂದ ಕರೆ ಬರುತ್ತಿತ್ತು. ಅಂಥ ಅವ್ವ ಜರಡಿಯನ್ನು ಮೇಜಿನ ಮೇಲಿಟ್ಟು, ಹೊತ್ತಾಯಿತು ಎಂದಳು. ಕೈಯನ್ನು ಶಾಲಿನಿಂದ ಹೊರಗೆ ತೆಗೆಯಲೇ ಇಲ್ಲ.

“ಯಾಕೆ ಪೆಗ್ಗಕ್ಕಾ, ನಮ್ಮನೆ ಕಡಗೋಲು ಕಚ್ಚುತ್ತಾ?” ಎಂದಳು ವಿನ್ನಿ, ಅರ್ಧ ನಗುವಿನಲ್ಲಿ.

ಅವ್ವ ಶಾಲು ಬಿಗಿದುಕೊಂಡಳು. ಹೊರಟಳು. ಸತ್ತು ಬಿದ್ದಿದ್ದ ನಾನೂ ಎದ್ದು ಮೈಕೊಡವಿ ಅವಳ ಹಿಂದೆ ಹೊರಟೆ. ದಾರಿಯಲ್ಲಿ ಕೇಳಿದ್ದಕ್ಕೆ, ವಿನ್ನಿಯ ಪೀಪಾಯಿ ಹುಳಿ ನಾತ ಹೊಡೆಯುತ್ತದೆ ಎಂದಳು. ನೆನಪಿದೆಯೇ ಅವ್ವಾ?

ಅಂದಿನಿಂದ ಟಾಲ್ಟಿ ಮನೆಗೆ ಬೆಣ್ಣೆ ಸರಿಯಾಗಿ ಬರಲಿಲ್ಲ. ಅಕ್ಟೋಬರಿನಲ್ಲಿ ಅರ್ಧ ಬಂತು, ನವೆಂಬರಿನಲ್ಲಿ ನೊರೆ ಬಂತು, ಆಮೇಲೆ ಅದೂ ಇಲ್ಲ. ಹಸುಗಳು ಕರು ಹಾಕಿ ಬಹಳ ತಿಂಗಳಾಗಿ ಹಾಲು ಹಳೆಯದು, ಚಳಿ ಬೇರೆ, ಎಲ್ಲರಿಗೂ ಆ ಕಾಲದಲ್ಲಿ ಬೆಣ್ಣೆ ಕಷ್ಟವೇ. ಆದರೆ ವಿನ್ನಿಗೆ ಕಾರಣ ಕೈಯಲ್ಲೇ ಇತ್ತಲ್ಲ, ದೂರ ಹುಡುಕುವುದೇಕೆ? ಒಂದು ಭಾನುವಾರ ಪೂಜೆ ಮುಗಿಸಿ ಹೊರಗೆ ಬರುವಾಗ, ಹತ್ತು ಜನ ಕೇಳುವಂತೆ ಡೀಲಿಯಾಳಿಗೆ ಹೇಳಿದಳು: “ನಿಮ್ಮನೇಲಿ ಈ ಸಲ ಬೆಣ್ಣೆ ಬಲು ಚೆನ್ನಾಗಿದೆಯಂತೆ. ಎರಡು ಮನೆ ಬೆಣ್ಣೆ ಅಲ್ವಾ, ಚೆನ್ನಾಗಿರಲೇಬೇಕು.” ಅಷ್ಟೇ ಸಾಕಾಯಿತು. ಬೆಣ್ಣೆ ಕದಿಯುವವರು ಮೊಲದ ರೂಪದಲ್ಲಿ ತಿರುಗುತ್ತಾರೆಂಬುದು ನಮ್ಮವರ ನಂಬಿಕೆ. ಟಾಲ್ಟಿಯ ಹೊಲದಲ್ಲಿ ಒಂದು ಮೊಲ ಕಂಡಿತಂತೆ, ಮಾರ್ಟಿನ್ ಕಲ್ಲು ಬೀರಿದನಂತೆ, ಮರುದಿನ ಅವ್ವ ಕುಂಟಿದಳಂತೆ. ಅವ್ವ ಹದಿನೈದು ವರ್ಷದಿಂದ ಚಳಿ ಬಿದ್ದರೆ ಕುಂಟುತ್ತಾಳೆ, ಮೊಲದ ಗೊಡವೆಯೇ ಬೇಡ. ಇನ್ನು ಇಗರ್ಜಿಯಲ್ಲಿ ಅವ್ವ ಎಡಗೈಯಲ್ಲಿ ಶಿಲುಬೆಯ ಗುರುತು ಹಾಕಿಕೊಂಡದ್ದನ್ನು ಕಂಡವರಿದ್ದರು. ಸೈತಾನನ ಕಡೆಯವರು ಎಡಗೈ ಬಳಸುತ್ತಾರೆಂಬುದು ನಮ್ಮಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಬೆಣ್ಣೆಗಳ್ಳಿ ಎಂಬ ಹೆಸರು ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಸದ್ದಿಲ್ಲದೆ ಕಟ್ಟಿತು.

ಕ್ರಿಸ್‌ಮಸ್ ಕಳೆದ ವಾರ ಅವ್ವ ಟೆಸ್ಸಿಯ ಮನೆಗೆ ಹೋಗುತ್ತೇನೆಂದು ಗಂಟು ಕಟ್ಟಿದಳು. ನೀಲಿ ನಿಲುವಂಗಿ ತೊಟ್ಟು ಗಾಡಿ ಹತ್ತಿದಳು. ಟಾಲ್ಟಿಯ ಮನೆ ದಾಟುವಾಗ ವಿನ್ನಿ ಗೇಟಿನ ಹತ್ತಿರ ನಿಂತಿದ್ದಳು. ಸುಮ್ಮನೆ ಹೋಗಬಹುದಿತ್ತು. ನಮ್ಮ ವಂಶದಲ್ಲಿ ಯಾರು ಸುಮ್ಮನೆ ಹೋಗಿದ್ದಾರೆ? ಅವ್ವ ಗಾಡಿ ನಿಲ್ಲಿಸಲು ಹೇಳಿ, ರಾಣಿಯ ಪಾತ್ರದವಳ ಹಾಗೆ ಕತ್ತು ಎತ್ತಿ, “ಬೆಣ್ಣೆ ಬೇಕಾದ್ರೆ ಲಿಮರಿಕ್‌ಗೆ ಬಾ ವಿನ್ನಿ, ಒಂದುಂಡೆ ಕೊಡ್ತೀನಿ” ಎಂದಳು. ಓಣಿಯವರೇ, ಇದಕ್ಕೆ ನೀವು ಚಪ್ಪಾಳೆ ತಟ್ಟುತ್ತೀರೆಂದು ಗೊತ್ತು, ತಟ್ಟಿ. ಆದರೆ ಆ ಒಂದು ಮಾತಿನಿಂದ ಅವಳು ಊರಿಗೆ ಮರಳುವ ದಾರಿ ಮುಚ್ಚಿಹೋಯಿತು. ನಮ್ಮೂರಿನವರ ಲೆಕ್ಕದಲ್ಲಿ ಅದು ತಪ್ಪೊಪ್ಪಿಗೆ.

ಈಗ ವಿನ್ನಿ ಮಾಡಿದ್ದೇನು ಕೇಳಿ. ಕಳ್ಳಿಯ ಕಣ್ಣು ಬೀಳದಿರಲೆಂದು ಅಕ್ಟೋಬರಿನಲ್ಲೇ ಪೀಪಾಯಿಯನ್ನು ಒಲೆಯ ಬಳಿಯಿಂದ ಎತ್ತಿಸಿ, ಉತ್ತರದ ಕತ್ತಲೆ ಕೋಣೆಗೆ ಹಾಕಿಸಿ ಬಾಗಿಲಿಗೆ ಬೀಗ ಜಡಿದಳು. ಆ ಕೋಣೆಯಲ್ಲಿ ಬೇಸಿಗೆಯಲ್ಲೇ ಉಸಿರು ಹೊಗೆಯಾಗುತ್ತದೆ. ಕೆನೆ ಅಲ್ಲಿ ಕಲ್ಲಾಯಿತು. ಮಾರ್ಚಿನಲ್ಲಿ ಅವರ ಹಸುಗಳೂ ಕರು ಹಾಕಿದವು, ಹೊಸ ಹಾಲು ಬಂತು, ಕೆನೆ ನಾಲ್ಕು ಬೆರಳು ದಪ್ಪ ನಿಂತಿತು, ಆದರೂ ಬೆಣ್ಣೆಯಿಲ್ಲ. ಬೆಣ್ಣೆ ಬರದಷ್ಟೂ ಹೆದರಿಕೆ ಹೆಚ್ಚಿತು, ಹೆದರಿಕೆ ಹೆಚ್ಚಿದಷ್ಟೂ ಇನ್ನೊಂದು ಬೀಗ ಬಿತ್ತು. ಹೈನುಗಾರಿಕೆ ಕಲಿಸಲು ಸರಕಾರದಿಂದ ಒಬ್ಬ ಮಿಸ್ ಸೈಕಲ್ಲಿನಲ್ಲಿ ಬಂದಿದ್ದಳು. ಬುದ್ಧಿವಂತೆ. ಕೋಣೆಗೆ ಕಾಲಿಟ್ಟ ಕೂಡಲೇ, ಕೆನೆಗೆ ಚಳಿಯಾಗಿದೆಯಮ್ಮ, ಒಲೆಯ ಹತ್ತಿರ ತನ್ನಿ ಎಂದಳು. ಶಾಖ ಅಳೆಯುವ ಗಾಜಿನ ಕಡ್ಡಿಯೊಂದನ್ನು ಕೊಟ್ಟು, ಕೆನೆಯಲ್ಲಿ ಅದ್ದಿ ನೋಡಿ, ಕೆಂಪು ಗೆರೆ ಇಲ್ಲಿಗೆ ಏರುವವರೆಗೆ ಕಡೆಯಬೇಡಿ ಎಂದಳು. ವಿನ್ನಿ ಭಕ್ತಿಯಿಂದ ಕೇಳಿಸಿಕೊಂಡಳು. ಮಿಸ್ಸಿನ ಸೈಕಲ್ಲು ತಿರುವು ದಾಟಿದ ಮೇಲೆ ಆ ಗಾಜಿನ ಕಡ್ಡಿಗೆ ಕೆಂಪು ದಾರ ಸುತ್ತಿ, ಬಾಗಿಲ ಮೇಲೆ ಕತ್ತೆಯ ಲಾಳದ ಪಕ್ಕದಲ್ಲಿ ಕಟ್ಟಿದಳು. ಇವತ್ತಿಗೂ ಅಲ್ಲೇ ಇದೆ. ಅದರ ಕೆಳಗೆ ಹಾಯುವಾಗ ಮಾರ್ಟಿನ್ ಟೋಪಿ ತೆಗೆಯುತ್ತಾನೆ.

ನಾನೂ ಹೋಗಿ ಹೇಳಿದೆ. ವಿನ್ನಿ, ಒಲೆಯ ಹತ್ತಿರ ತಾ, ಅಷ್ಟೇ ಮದ್ದು ಎಂದೆ. “ಕಳ್ಳಿ ಮಗ ಬಂದು ಕಡೆಯೋದು ಕಲಿಸ್ತಾನೆ” ಎಂದು ಅವಳು ಬಾಗಿಲು ಹಾಕಿಕೊಂಡಳು. ಬಾಗಿಲ ಆಚೆ ಅವಳು ಅತ್ತದ್ದು ನನಗೆ ಕೇಳಿಸಿತು. ಅವ್ವಾ, ಅವಳನ್ನು ನಾನು ಕೆಟ್ಟವಳೆನ್ನಲಾರೆ. ಐದು ಮಕ್ಕಳು ಒಣ ರೊಟ್ಟಿ ತಿನ್ನುವುದನ್ನು ಚಳಿಗಾಲವಿಡೀ ನೋಡಿದ್ದಾಳೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕಡೆದು, ಕಡೆದದ್ದನ್ನೆಲ್ಲ ಹಂದಿಗೆ ಸುರಿದು, ಮರುದಿನ ಮತ್ತೆ ಕಡಗೋಲು ಹಿಡಿಯುತ್ತಾಳೆ. ಅವಳ ಅಂಗೈ ನೋಡಿದರೆ ನೀನೇ ಮುಲಾಮು ಹಚ್ಚುತ್ತಿದ್ದೆ.

ಈಗ ಕೊನೆಯ ಅಂಕ, ನಾಳೆ ಬೆಳಗಿನದು. ಬೆಟ್ಟದಾಚೆಯ ಮುದುಕ ಮಂತ್ರಗಾರನೊಬ್ಬ ಟಾಲ್ಟಿಯವರಿಗೆ ಉಪಾಯ ಹೇಳಿಕೊಟ್ಟಿದ್ದಾನೆ. ಮೇ ಮೊದಲ ದಿನ ಸೂರ್ಯ ಹುಟ್ಟುವ ಮೊದಲು ಮನೆಯ ಬಾಗಿಲು ಕಿಟಕಿ ಎಲ್ಲ ಮುಚ್ಚಬೇಕು, ಕೀಲಿಯ ತೂತಿಗೂ ಬಟ್ಟೆ ತುರುಕಬೇಕು. ನೇಗಿಲ ಗುಳವನ್ನು ಬಿಚ್ಚಿ ತಂದು ಒಲೆಯಲ್ಲಿ ಹೂಳಿ ಕೆಂಪಗೆ ಕಾಯಿಸಬೇಕು. ಪೀಪಾಯಿಯನ್ನು ಆ ಬೆಂಕಿಯ ಮುಂದೆಯೇ ಇಟ್ಟು ಕಡೆಯಬೇಕು. ಗುಳ ಕೆಂಪಾದಂತೆ ಬೆಣ್ಣೆ ಕದ್ದವರ ಕರುಳು ಉರಿಯುತ್ತದೆ. ಉರಿ ತಾಳಲಾರದೆ ಕಳ್ಳರು ಓಡಿ ಬಂದು ಬಾಗಿಲು ತಟ್ಟುತ್ತಾರೆ. ಆ ಹೊತ್ತಿನಲ್ಲಿ ಮೊದಲು ಬಾಗಿಲು ತಟ್ಟಿದವರು ಯಾರೋ ಅವರೇ ಕಳ್ಳರು, ಮತ್ತೆ ವಾದವಿಲ್ಲ. ಸಾಕ್ಷಿಗೆಂದು ಊರಿನ ಆರು ಜನ ಹಿರಿಯರನ್ನು ಒಳಗೆ ಕೂರಿಸುತ್ತಿದ್ದಾರೆ. ವಿಷಯ ತಿಳಿದವರು ಒಬ್ಬರೂ ನಾಳೆ ಬೆಳಿಗ್ಗೆ ಆ ದಾರಿ ತುಳಿಯುವುದಿಲ್ಲ. ನಾಯಿಗಳನ್ನೂ ಕಟ್ಟಿಹಾಕಿದ್ದಾರೆ.

ಓಣಿಯವರೇ, ಇಲ್ಲಿ ಕಿವಿಗೊಡಿ. ನಾಳೆ ಆ ಪೀಪಾಯಿ ಏಳು ತಿಂಗಳ ಮೇಲೆ ಮೊದಲ ಸಲ ಬೆಂಕಿಯ ಮುಂದೆ ಕೂರುತ್ತದೆ. ಹೊಸ ಹಾಲಿನ ಕೆನೆ, ಎದುರಿಗೆ ಕೆಂಪು ಕಬ್ಬಿಣ. ಬೆಣ್ಣೆ ಬಂದೇ ಬರುತ್ತದೆ. ಯಾರೇ ಕಡೆದರೂ ಬರುತ್ತದೆ. ಬಂದಾಗ ಬಾಗಿಲ ಬಳಿ ಯಾರೂ ಇಲ್ಲದಿದ್ದರೆ ಆ ಆರು ಜನ ಏನೆನ್ನುತ್ತಾರೆ? ಕಳ್ಳಿ ಲಿಮರಿಕ್‌ನಲ್ಲಿದ್ದಾಳೆ, ಓಡಿಬರಲು ದೂರವಾಯಿತು, ಅಲ್ಲಿಯೇ ಸುಟ್ಟುಕೊಂಡು ಬೆಣ್ಣೆ ಬಿಟ್ಟುಕೊಟ್ಟಳು ಎನ್ನುತ್ತಾರೆ. ಅಲ್ಲಿಗೆ ನಮ್ಮ ಅವ್ವನ ಹೆಸರಿಗೆ ಮೊಹರು ಬಿತ್ತು. ಅವಳು ಸತ್ತ ಮೇಲೂ ಅವಳ ಮೊಮ್ಮಕ್ಕಳನ್ನು ಕಡೆಯುವ ಮನೆಯೊಳಗೆ ಬಿಡುವವರಿಲ್ಲ. ಹಾಗಾಗಿ ನಾಳೆ ಬೆಳಿಗ್ಗೆ ಆ ಬಾಗಿಲನ್ನು ಒಬ್ಬರು ತಟ್ಟಬೇಕು. ಅವ್ವ ಅಲ್ಲದ ಯಾರೋ ಒಬ್ಬರು. ಯಾರು?

ಟೆಸ್ಸಿ, ಇಲ್ಲಿ ಓದು ನಿಲ್ಲಿಸು. ತೆರೆ ಬೀಳಲಿ. ಎಲ್ಲರಿಗೂ ಒಂದೊಂದು ಲೋಟ ಚಹಾ ಕೊಟ್ಟು, ನನ್ನ ವಂದನೆ ಹೇಳಿ, ಮನೆಗೆ ಕಳಿಸು. ಬೈದರೆ ಬೈಯಲಿ. ಬಾಗಿಲು ಹಾಕು. ಹಾಕಿದೆಯಾ? ಮೆಟ್ಟಿಲ ಮೇಲೆ ಮಕ್ಕಳು ಉಳಿದಿರುತ್ತಾರೆ, ನೋಡು. ಇನ್ನು ಮುಂದಿನದು ಅವ್ವನಿಗೆ ಮಾತ್ರ. ಮೊದಲ ಸಲ ಮೆಲ್ಲಗೆ ಓದು.

ಅವ್ವಾ,

ಟೆಸ್ಸಿಗೆ ಬೈಯಬೇಡ. ಅವಳು ಜಪಮಾಲೆಯ ಮೇಲೆ ನಿನಗೆ ಕೊಟ್ಟ ಆಣೆ ಮುರಿದು ನನಗೆ ಬರೆದಿದ್ದಾಳೆ. ನಿನ್ನ ಬಲಗೈ ಚಮಚವನ್ನೂ ಹಿಡಿಯುತ್ತಿಲ್ಲವೆಂದು, ಬಟ್ಟಲು ಬಿದ್ದು ಒಡೆದ ಮೇಲೆ ಅವಳಿಗೆ ತಿಳಿಯಿತಂತೆ. ನೀನು ಆಗ ಆಡಿದ ಮಾತನ್ನೂ ಬರೆದಿದ್ದಾಳೆ: “ಕೈ ಬಿದ್ದ ಮುದುಕಿ ಅಂತ ಜನ ಅಯ್ಯೋ ಅನ್ನೋದಕ್ಕಿಂತ, ಬೆಣ್ಣೆಗಳ್ಳಿ ಅಂತ ಹೆದರ್ಕೊಳ್ಳಲಿ ಬಿಡು.”

ಅದನ್ನು ಓದಿ ನಾನು ಕೊಟ್ಟಿಗೆಗೆ ಹೋಗಿ ಬಿಳಿಬೆನ್ನಿಯ ಪಕ್ಕದಲ್ಲಿ ಬಹಳ ಹೊತ್ತು ನಿಂತಿದ್ದೆ. ಸೆಪ್ಟೆಂಬರಿನ ಆ ಶಾಲು ಈಗ ಅರ್ಥವಾಯಿತು. ಇಗರ್ಜಿಯ ಎಡಗೈ ಅರ್ಥವಾಯಿತು. ಅದೇ ತಿಂಗಳು ನೀನು ನಮ್ಮ ಕಡಗೋಲನ್ನು ಡೀಲಿಯಾಳ ಕೈಗಿತ್ತು, ಇನ್ನು ಮೇಲೆ ಇದು ಸೊಸೆಯ ಕೆಲಸ ಎಂದೆಯಲ್ಲ, ಅವಳು ಹೆಮ್ಮೆಯಿಂದ ಕೆಂಪಾದಳಲ್ಲ, ಅದೂ ಅರ್ಥವಾಯಿತು. ನಾಲ್ಕು ತಿಂಗಳು ಒಂದೇ ಮೇಜಿನಲ್ಲಿ ಉಂಡು ನಾನು ನಿನ್ನ ಕೈ ನೋಡಲಿಲ್ಲ. ನಾಯಕ ಹೇಗೆ ಸತ್ತನೆಂದು ನಿನಗೆ ಮೂರು ಸಲ ಅಭಿನಯಿಸಿ ತೋರಿಸಿದೆ, ನೀನು ಎಡಗೈಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದುದು ಕಾಣಲಿಲ್ಲ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಪಾದ್ರಿಗೆ ಹೇಳಿ ಆಗಿದೆ, ಅವನಿಗಿಂತ ನಿನಗೆ ಹೇಳುವುದು ಕಷ್ಟ. ಆ ಚಳಿಗಾಲದಲ್ಲಿ ನಮ್ಮ ಮನೆಯ ಬೆಣ್ಣೆ ಚೆನ್ನಾಗಿಯೇ ಬರುತ್ತಿತ್ತು. ಒಂದು ಬೆಳಿಗ್ಗೆ ಆ ಹಳದಿ ಉಂಡೆಯನ್ನು ನೋಡುತ್ತ ನಿಂತವನಿಗೆ, ಇದರಲ್ಲಿ ಟಾಲ್ಟಿಯದೆಷ್ಟು ಎಂಬ ಯೋಚನೆ ಬಂತು. ಬಂದದ್ದು ಒಂದೇ ಗಳಿಗೆ. ಆದರೆ ಬಂತು. ನೀನು ಗಂಟು ಕಟ್ಟಿದಾಗ ನಾನು ಕುದುರೆ ಹೂಡಿದೆನೇ ಹೊರತು ಬೇಡವೆನ್ನಲಿಲ್ಲ. ಗಾಡಿ ತಿರುವು ದಾಟಿದ ಮೇಲೆ ಭಾರ ಇಳಿದ ಹಾಗಾಯಿತು. ಇಂಥ ಮಗ ನಾನು. ಅದನ್ನು ಮಾತಿನಲ್ಲಿ ತೊಳೆಯಲಾರೆ. ಮಾತು ನನಗೆ ಸುಲಭ, ಅದಕ್ಕೇ.

ನಿನ್ನ ಕೈಯ ಸಂಗತಿ ಹೇಳಿದರೆ ನಾಳೆಯೇ ಎಲ್ಲ ಮುಗಿಯುತ್ತದೆ. ವಿನ್ನಿ ತಾನಾಗಿಯೇ ಅತ್ತುಕೊಂಡು ಓಡಿಬರುತ್ತಾಳೆ, ಊರಿಗೆ ಊರೇ ಅಯ್ಯೋ ಪಾಪ ಎನ್ನುತ್ತದೆ. ನಿನಗೆ ಬೇಡವಾದದ್ದು ಅದೇ ತಾನೆ? ಹಾಗಾದರೆ ನನ್ನ ಬಾಯಿಂದ ಆ ಮಾತು ಬರುವುದಿಲ್ಲ. ನಿನಗೆ ಬೇಕಾದಾಗ, ಬೇಕಾದವರಿಗೆ ನೀನೇ ತೋರಿಸು.

ಆದರೆ ಅವ್ವಾ, ಸೆಪ್ಟೆಂಬರಿನ ಆ ದಿನವನ್ನು ಮತ್ತೊಮ್ಮೆ ನೆನೆಸಿಕೋ. ಟಾಲ್ಟಿ ಮನೆಯೊಳಗೆ ಕಡೆಯುವಾಗ ಕಾಲಿಟ್ಟು, ಕಡಗೋಲಿಗೆ ಕೈ ಕೊಡದೆ ಹೊರಟವರು ಎಷ್ಟು ಜನ? ನಾನು ಬಾಗಿಲಲ್ಲಿ ನಿಂತಿದ್ದವನಲ್ಲ. ಅವರ ನೆಲದ ಮೇಲೆ ಅಂಗಾತ ಬಿದ್ದವನು. ಎದ್ದೆ, ನಗುವನ್ನು ಬಾಚಿಕೊಂಡೆ, ಹೊರಟೆ. ಕೆಲಸಕ್ಕೆ ದೇವರ ದಯೆಯಿರಲಿ ಎಂದೂ ಅನ್ನಲಿಲ್ಲ. ಎಲ್ಲರೂ ವಿಧವೆಯ ಕೈ ನೋಡಿದರು, ಗಂಡಸಿನ ಕೈ ಯಾರೂ ನೋಡಲಿಲ್ಲ. ನಾನೇ ನೋಡಿಕೊಳ್ಳಲಿಲ್ಲ. ಕಳೆದ ವಾರ ಹಾಸಿಗೆಯಿಂದ ಏಳುವಾಗ ಇದು ಹೊಳೆಯಿತು, ಹೊಳೆದು ಎದ್ದು ಕೂತೆ. ನಿನಗೆ ಕೈ ಕೊಡಲಾಗಲಿಲ್ಲ, ನಾನು ಕೊಡಲು ಮರೆತೆ. ನಮ್ಮ ಕಾನೂನಿನ ಪ್ರಕಾರ ಬೆಣ್ಣೆಗಳ್ಳ ಯಾರು? ನಾನು ಯಾರನ್ನೂ ಕಾಪಾಡಲು ಸುಳ್ಳು ಹೇಳುವ ಪ್ರಮೇಯವೇ ಇಲ್ಲ. ಜೀವಮಾನವೆಲ್ಲ ಕಟ್ಟಿದ ಮಾತು ಆಡಿದವನಿಗೆ ಈ ಒಂದು ಸಲ ನಿಜವೇ ಸಾಲುತ್ತದೆ.

ಡೀಲಿಯಾಳಿಗೆ ಹೇಳಿದೆ. ಮೊದಲು ಅವಳು ಪಾತ್ರೆ ಕೆಳಗಿಟ್ಟಳು. ಬರೀ ಬಾಗಿಲು ತಟ್ಟಿದರೆ ಅರ್ಧ ನ್ಯಾಯ, ಕೊಂಡುಹೋದ ಬೆಣ್ಣೆ ಹಿಂದಕ್ಕೆ ಕೊಡಬೇಕು, ನನ್ನ ತಲೆಯಷ್ಟು, ಅದೇ ಶನಿವಾರ ಬೆಳಿಗ್ಗೆಯೇ ಎಂದೆ. ಅವಳ ಮುಖ ಸುಣ್ಣವಾಯಿತು. “ಮೇ ಮೊದಲ ದಿನ ಈ ಮನೆ ಬೆಣ್ಣೆ ಹೊರಗೆ ಹೋಯ್ತು ಅಂದ್ರೆ, ನೀನೂ ಅದರ ಹಿಂದೇನೇ ಹೋಗು, ಬರಬೇಡ” ಎಂದಳು. ವರ್ಷದ ಅದೃಷ್ಟ, ಹೊಸ ಕರು, ಕೊಟ್ಟಿಗೆ ಎಲ್ಲವನ್ನೂ ನಾನು ತಟ್ಟೆಯಲ್ಲಿಟ್ಟು ಪಕ್ಕದ ಮನೆಗೆ ಕೊಡುತ್ತಿದ್ದೇನೆಂದು ಎರಡು ದಿನ ಮಾತು ಬಿಟ್ಟಳು. ಅವಳ ಮಾತು ತಪ್ಪೆಂದು ನಾನು ಹೇಳಲಿಲ್ಲ. ನನಗೂ ಹೆದರಿಕೆಯಿದೆ, ನಾನೂ ಈ ಊರಿನವನೇ. ಆದರೂ ಕೊಡುತ್ತೇನೆ ಎಂದು ಮಾತ್ರ ಹೇಳಿದೆ. ಪುಕ್ಕಟೆ ಸಿಕ್ಕ ವಸ್ತುವಿನಿಂದ ಇಂಥ ಹೆಸರು ಅಳಿಸುವುದಿಲ್ಲ.

ನಿನ್ನ ಕೈಯ ವಿಷಯ ಅವಳಿಗೆ ನಾನು ಹೇಳಿರಲಿಲ್ಲ. ನಿನ್ನೆ ಬೆಳಿಗ್ಗೆ ನೋಡುತ್ತೇನೆ, ಅವಳು ಯಾರಿಗೂ ಹೇಳದೆ ಪೀಪಾಯಿ ತೊಳೆದು ಕಡೆಯಲು ನಿಂತಿದ್ದಾಳೆ. ನಾನು ಬಾಯಿ ತೆರೆಯುವ ಮೊದಲೇ ಅಂದಳು: “ಅತ್ತೆ ಕಡಗೋಲು ನನ್ನ ಕೈಗೆ ಕೊಟ್ಟಾಗ್ಲೇ ನಂಗೆ ಗೊತ್ತಾಗಿತ್ತು. ಅವರು ಹೇಳ್ಳಿಲ್ಲ, ನಾನು ಕೇಳ್ಳಿಲ್ಲ. ನೀವು ಗಂಡಸ್ರು ನಾಟ್ಕ ನೋಡ್ತೀರ, ಕೈ ನೋಡಲ್ಲ.” ಆಮೇಲೆ ಕಣ್ಣು ಒರೆಸಿಕೊಂಡು, ಆಗಲೇ ಬಾಯಿ ಬಿಟ್ಟಿದ್ದರೆ ಅತ್ತೆ ಇಲ್ಲೇ ಇರುತ್ತಿದ್ದರು, ನಾನೂ ಕಳ್ಳಿಯೇ ಎಂದಳು. ನಾನು ಕಡಗೋಲಿಗೆ ಕೈ ಹಾಕಿದೆ. ಇಬ್ಬರೂ ಸರದಿಯಲ್ಲಿ ಕಡೆದೆವು. ನಮ್ಮ ಬೆಣ್ಣೆ ಮುಕ್ಕಾಲು ಗಂಟೆಯಲ್ಲಿ ಬಂತು.

ಅವ್ವಾ, ನಿನ್ನ ಕುರ್ಚಿ ಒಲೆಯ ಬಲಗಡೆಯಿಂದ ಎಡಗಡೆಗೆ ಸರಿಸಿದ್ದೇನೆ, ಎಡಗೈಗೆ ಬಟ್ಟಲು ಎಟುಕುವ ಹಾಗೆ. ಯಾಕೆಂದು ಯಾರೂ ಕೇಳುವುದಿಲ್ಲ, ಕೇಳಿದರೆ ಹೊಗೆ ಬರುತ್ತಿತ್ತು ಎನ್ನುತ್ತೇನೆ. ಸೋಮವಾರ ಗಾಡಿಗೆ ಹೊಸ ಹುಲ್ಲು ಹಾಸಿಕೊಂಡು ನಿನ್ನನ್ನು ಕರೆದುಕೊಂಡು ಹೋಗಲು ನಾನೇ ಬರುತ್ತೇನೆ. ಬರುವುದಿಲ್ಲ ಎನ್ನಬೇಡ. ಎಂದರೆ ಬಂದರು ಓಣಿಯ ಮಧ್ಯದಲ್ಲಿ ಅಂಗಾತ ಬಿದ್ದು ಸಾಯುತ್ತೇನೆ, ನೀನು ಗಾಡಿ ಹತ್ತುವವರೆಗೆ ಏಳುವುದಿಲ್ಲ.

ಟೆಸ್ಸಿಗೆ, ಅವಳ ಗಂಡನಿಗೆ ನನ್ನ ಪ್ರೀತಿ. ಡೀಲಿಯಾ ನಿನ್ನ ಆಶೀರ್ವಾದ ಕೇಳಿದ್ದಾಳೆ. ನನಗೂ ಒಂದಿಷ್ಟು ಬೇಕು, ಎಡಗೈಯಿಂದಲೇ ಸರಿ. ದೇವಮಾತೆ ನಿನ್ನನ್ನು ತನ್ನ ಶಾಲಿನೊಳಗೆ ಇಟ್ಟುಕೊಳ್ಳಲಿ.

ನಿನ್ನ ಮಗ,
ಸೆನನ್ ಕಾನ್ಸಿಡೀನ್

ಮತ್ತೆ: ಅಂಚೆ ಗಾಡಿಯ ಗಂಟೆ ಕೇಳಿಸುತ್ತಿದೆ, ಬೇಗ ಬರೆಯುತ್ತೇನೆ. ಡೀಲಿಯಾ ಈಗ ಬಂದು ನನ್ನ ತಲೆಯಿಂದ ಟೋಪಿ ಕಿತ್ತುಕೊಂಡು ಹೋದಳು. ಅದರೊಳಗೆ ಎಲೆಕೋಸಿನ ಎಲೆ ಹಾಸಿ, ನಿನ್ನೆಯದೂ ಇವತ್ತಿನದೂ ಸೇರಿಸಿ ಬೆಣ್ಣೆ ತುಂಬಿ ಒತ್ತುತ್ತಿದ್ದಾಳೆ, ಅಳತೆ ಕಡಿಮೆಯಾಗಬಾರದಂತೆ. ಈ ಸೀಮೆಯಲ್ಲಿ ನನ್ನಷ್ಟು ದೊಡ್ಡ ತಲೆ ಇನ್ನೊಂದಿಲ್ಲವೆಂದು ಬೈಯುತ್ತ ಒತ್ತುತ್ತಿದ್ದಾಳೆ. ಈ ಕಾಗದ ನಿನಗೆ ತಲುಪುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ತಡೆಯಲು ನಿನಗೆ ಹೊತ್ತು ಸಿಗಬಾರದೆಂದೇ ಇವತ್ತು ಬರೆದೆ. ನಾಳೆ ಬೆಳಿಗ್ಗೆ ಟಾಲ್ಟಿಯ ಹೊಗೆಗೂಡಿನಿಂದ ಮೊದಲ ಹೊಗೆ ಏಳುವಾಗ ನಾನು ಅವರ ಬೇಲಿಯ ಪಕ್ಕದಲ್ಲಿರುತ್ತೇನೆ. ಗುಳ ಕೆಂಪಾಗುವಷ್ಟು ಹೊತ್ತು ಕಾಯುತ್ತೇನೆ. ಟೋಪಿಯಿಲ್ಲದ ತಲೆಯಲ್ಲಿ, ಟೋಪಿಯಷ್ಟು ಬೆಣ್ಣೆ ಕಂಕುಳಲ್ಲಿಟ್ಟುಕೊಂಡು, ಆ ಬಾಗಿಲನ್ನು ಮೂರು ಸಲ ತಟ್ಟುತ್ತೇನೆ. ವಿನ್ನಿ ಬಾಗಿಲು ತೆಗೆದಾಗ ಆಡಲೆಂದು ಒಂದು ವಾರದಿಂದ ದೊಡ್ಡ ಭಾಷಣ ಕಟ್ಟಿಟ್ಟುಕೊಂಡಿದ್ದೆ, ಆರು ಜನ ಹಿರಿಯರು ಎದ್ದು ನಿಲ್ಲುವಂಥದ್ದು. ಅದನ್ನು ಆಡುವುದಿಲ್ಲ. ಬೆಣ್ಣೆಯನ್ನು ಮೇಜಿನ ಮೇಲಿಟ್ಟು, ಕೆಲಸಕ್ಕೆ ದೇವರ ದಯೆಯಿರಲಿ ಎಂದು, ನೆಟ್ಟಗೆ ಹೋಗಿ ಕಡಗೋಲು ಹಿಡಿಯುತ್ತೇನೆ. ಮೊದಲು ನಿನ್ನ ಪಾಲಿನ ಏಟು, ಆಮೇಲೆ ನನ್ನದು. ಬೆಣ್ಣೆ ಬರುವವರೆಗೆ ಬಾಯಿ ತೆರೆಯುವುದಿಲ್ಲ.